ಮನೆಯೊಳಗಿನ ವೆಬ್‌ಸೈಟು

ಇಡೀ ಇಂಟರ್ನೆಟ್ಟಲ್ಲಿ ನಮ್ಮ ಮನೇದು ಅಂತ ಹೇಳ್ಲಿಕ್ಕೆ ಆಗುವ ಪೇಜು ಒಂದೇ ಒಂದು ಇರುದು, ಅದು ಮನೆಗೆ ವೈಫೈ ಕೊಡುವ ರೂಟರಿನ ಸೆಟ್ಟಿಂಗ್ ಪೇಜು. ಅದನ್ನು ಒಮ್ಮೆಯಾದ್ರೂ ತೆಗ್ದು ನೋಡಿದವ್ರು ಮುಂಬೈ ಬದಿಯ ನಮ್ಮ ಡೊಂಬಿವಲಿ ಸೊಸೈಟಿಯಲ್ಲಿ ಬೆರಳಲ್ಲಿ ಎಣಿಸುವಷ್ಟು ಜನ ಇದ್ರೆ ಹೆಚ್ಚು. ಫೇಸ್‌ಬುಕ್ಕು, ವಾಟ್ಸಾಪು, ಜೀಮೇಲು ಎಲ್ಲ ಯಾರ್ಯಾರದ್ದೋ ಜಾಗ, ನಾವಲ್ಲಿ ಹೋಗಿ ಕೂತು ಬರುದು ಅಷ್ಟೆ, ನಾಳೆ ಅವ್ರು ಬಾಗ್ಲು ಹಾಕಿದ್ರೆ ಯಾಕೆ ಅಂತ ಕೇಳ್ಲಿಕ್ಕಿಲ್ಲ. ಆದ್ರೆ ಟಿವಿ ಹಿಂದೆ ಧೂಳು ತಿಂತಾ ಕೂತ ಆ ಡಬ್ಬಿ ಉಂಟಲ್ಲ, ಅದ್ರೊಳಗೆ ಒಂದು ಸಣ್ಣ ವೆಬ್ ಸರ್ವರ್ ಇರ್ತದೆ, ಅದು ಒಂದೇ ಒಂದು ವೆಬ್‌ಸೈಟ್ ನಡೆಸ್ತದೆ, ಮತ್ತೆ ಆ ಪೇಜಲ್ಲಿ ರಿಮೋಟ್ ಅಂತ ಇರುವ, ಹೊರಗಿಂದ ಒಳಗೆ ಬರ್ಲಿಕ್ಕೆ ಬಿಡುವ ಸ್ವಿಚ್ಚನ್ನು ಯಾರೂ ಮುಟ್ಟದಿದ್ರೆ ಆ ವೆಬ್‌ಸೈಟು ಮನೆ ಹೊಸ್ತಿಲು ದಾಟುದಿಲ್ಲ. ಹೊರಗಿನ ವಯರ್ ಬೇಕಾದ್ರೆ ಕಿತ್ತು ಹಾಕಿ, ಆಗ್ಲೂ ಓಪನ್ ಆಗ್ತದೆ. ನೋಡ್ಲಿಕ್ಕೆ ಚಂದ ಇಲ್ಲ, ಅದು ಬೇರೆ ವಿಷಯ. ಬೂದು ಬಣ್ಣ, ಎಡಗಡೆ ಉದ್ದ ಮೆನು, ಎಲ್ಲಿ ನೋಡಿದ್ರೂ ಅರ್ಥ ಆಗದ ಮೂರ್ನಾಲ್ಕು ಅಕ್ಷರದ ಹೆಸರುಗಳು, ಸೇವ್ ಒತ್ತಿದ್ರೆ ಡಬ್ಬಿಯ ಎಲ್ಲ ಲೈಟು ಆರಿ ಎರಡು ನಿಮಿಷ ಮನೆಯವರೆಲ್ಲ ಉಸಿರು ಹಿಡ್ಕೊಂಡು ನಿಲ್ಬೇಕು.

ನಾನು ಕಂಪ್ಯೂಟರ್ ಕಲ್ತವ ಅಲ್ಲ, ಫೋರ್ಟಲ್ಲಿ ಒಂದು ಆಫೀಸಲ್ಲಿ ಲೆಕ್ಕ ಬರಿಯುವವ. ಯಾವುದೋ ಕಾಲದಲ್ಲಿ ಊರ ಕಡೆಯವ್ರೊಬ್ರಿಗೆ ವೈಫೈ ಪಾಸ್‌ವರ್ಡ್ ಬದಲಿಸಿ ಕೊಟ್ಟಿದ್ದೆ, ಅದು ಶನಿವಾರದ ಭಜನೆಯಲ್ಲಿ ಮಂಗಳಾರತಿಗೆ ಮೊದ್ಲೇ ಎಲ್ರಿಗೂ ಗೊತ್ತಾಗಿ ಹೋಯ್ತು, ಆಮೇಲಿಂದ ಕಲ್ಯಾಣಿಂದ ಠಾಣೆ ತನಕ ನಮ್ಮವ್ರ ಪೈಕಿ ಯಾರ ಮನೇಲಿ ರೂಟರ್ ಕೆಂಪು ಲೈಟ್ ತೋರ್ಸಿದ್ರೂ ನಂಗೆ ಫೋನು. ಹೋದ ಕಡೆಯೆಲ್ಲ ಚಾ, ನೀರುದೋಸೆ ಸಿಗ್ತದೆ ಅಂತ ನಾನೂ ಬೇಡ ಹೇಳುದಿಲ್ಲ.

ಹೋದ ಕೂಡ್ಲೇ ಮೊದಲ್ನೇ ಜಗಳ ಬ್ರೌಸರಿನ ಮೇಲೆ. "ನೆಟ್ಟೇ ಇಲ್ಲ ಅಂತ ನಿಮ್ಮನ್ನು ಕರ್ದದ್ದು ಮಾರಾಯ್ರೆ, ನೀವು ಬಂದು ಕ್ರೋಮ್ ಓಪನ್ ಮಾಡ್ತೀರಲ್ಲ" ಅಂತ ಕೇಳದ ಮನೆ ಇಲ್ಲ. ಬ್ರೌಸರ್ ಅಂದ್ರೆ ಇಂಟರ್ನೆಟ್ಟು, ಇಂಟರ್ನೆಟ್ ಅಂದ್ರೆ ಗೂಗಲ್ಲು, ಹೀಗೆ ಒಂದಕ್ಕೊಂದು ಅಂಟಿ ಹೋಗಿದೆ ತಲೇಲಿ. ನಾನು ರೂಟರಿನ ಅಡ್ರೆಸ್ 192.168.1.1 ಟೈಪ್ ಮಾಡಿ ಅಂತ ಹೇಳಿದ್ರೆ ಅವ್ರು ಹೋಗಿ ಗೂಗಲಿನ ಹುಡುಕುವ ಪೆಟ್ಟಿಗೆಯಲ್ಲೇ ಹಾಕುದು, ಅದು ಮೇಲಿನ ಉದ್ದ ಗೆರೆಯಲ್ಲಿ ಹಾಕ್ಬೇಕು, ಹುಡುಕ್ಲಿಕ್ಕೆ ಎಂತದೂ ಇಲ್ಲ, ಡಬ್ಬಿ ಇಲ್ಲೇ ಮುಂದೆ ಉಂಟಲ್ಲ. ಇನ್ನು ಕೆಲವ್ರು ಒಂದರ ಜಾಗದಲ್ಲಿ ಇಂಗ್ಲಿಷಿನ ಎಲ್ ಅಕ್ಷರ ಹೊಡಿತಾರೆ, ಸ್ಕ್ರೀನಲ್ಲಿ ಎರಡೂ ಒಂದೇ ತರ ಕಾಣ್ತದೆ, ನಾನು ಪಕ್ಕದಲ್ಲಿ ಕೂತು ನೋಡಿದ್ರೂ ಗೊತ್ತಾಗುದಿಲ್ಲ, ಯಾಕೆ ಬರುದಿಲ್ಲ ಯಾಕೆ ಬರುದಿಲ್ಲ ಅಂತ ಇಬ್ರೂ ಸೇರಿ ಡಬ್ಬಿಗೆ ಬೈಯುದು. ಅದಕ್ಕಿಂತ ದೊಡ್ಡ ಕಿತಾಪತಿ ಮೊಬೈಲಿಂದು. ಈ ವೈಫೈಯಲ್ಲಿ ನೆಟ್ ಇಲ್ಲ ಅಂತ ಗೊತ್ತಾದ್ರೆ ಅದು ಹೇಳದೆ ಕೇಳದೆ ಮೊಬೈಲ್ ಡೇಟಾಕ್ಕೆ ಹಾರ್ತದೆ, ಅಲ್ಲಿ ಹೋಗಿ ಈ ಅಡ್ರೆಸ್ ಹುಡುಕ್ತದೆ, ಅಲ್ಲೆಲ್ಲಿ ಸಿಗ್ತದೆ! ಡೇಟಾ ಆಫ್ ಮಾಡಿ ಅಂತ ಹೇಳಿದ್ರೆ ಮಾತ್ರ "ಇರುವ ಒಂದನ್ನೂ ಆಫ್ ಮಾಡುದಾ?" ಅಂತ ಮುಖ ಸಣ್ಣ ಆಗ್ತದೆ.

ಅಂತೂ ಪೇಜು ಬಂತು ಅಂತಿಟ್ಕೊಳ್ಳಿ, ಮೇಲೆ ಸೆಕ್ಯೂರ್ ಅಲ್ಲ ಅಂತ ಬರ್ದಿರ್ತದೆ. ಡಿಜಿಟಲ್ ಅರೆಸ್ಟು, ಓಟಿಪಿ ಮೋಸ ಎಲ್ಲ ಪೇಪರಲ್ಲಿ ಓದಿ ಓದಿ ಹೆದರಿ ಕೂತವ್ರಿಗೆ ಅದೊಂದು ಸಾಕು. ಬ್ಯಾಂಕಿನ ವೆಬ್‌ಸೈಟಿಗೆ ಆದ್ರೆ ಇದು ಇಂಥವ್ರದ್ದೇ ಅಂತ ಒಂದು ಸರ್ಟಿಫಿಕೇಟ್ ಕೊಡುವವ್ರು ಇದ್ದಾರೆ, ಆದ್ರೆ 192.168.1.1 ಅಂದ್ರೆ ಯಾರದ್ದು ಅಂತ ಕೊಡುದು? ನಿಮ್ಮನೇದೂ ಅದೇ, ಪಕ್ಕದ ಮನೆ ಪಾಟೀಲರದ್ದೂ ಅದೇ, ಕೆಳಗಿನ ಮೆಡಿಕಲ್ ಶಾಪಿಂದೂ ಅದೇ. ನಂಗೆ ಇಡೀ ವ್ಯವಹಾರದಲ್ಲಿ ಚೋದ್ಯ ಅನ್ಸುದು ಈ ಅಡ್ರೆಸ್ಸೇ.

ಮುಂಬೈಯಲ್ಲಿ ಅಡ್ರೆಸ್ ಅಂದ್ರೆ ಏನು ಪಾಡು ಅಂತ ಇಲ್ಲಿದ್ದವ್ರಿಗೆ ಗೊತ್ತು, ಫ್ಲ್ಯಾಟ್ ನಂಬರು, ವಿಂಗು, ಸೊಸೈಟಿ ಹೆಸ್ರು, ಯಾವ್ದೋ ದೇವಸ್ಥಾನದ ಹಿಂದೆ, ಯಾವ್ದೋ ಶಾಲೆಯ ಎದುರು, ಈಸ್ಟಾ ವೆಸ್ಟಾ, ಇಷ್ಟು ಹೇಳಿದ್ರೂ ಕೊರಿಯರಿನವ ಫೋನ್ ಮಾಡ್ತಾನೆ. ಅಂಥಾ ಊರಲ್ಲಿ ಇಡೀ ಬಿಲ್ಡಿಂಗಿನ ಮನೆಮನೆಗೂ ಒಂದೇ ಅಡ್ರೆಸ್ಸು, ಆದ್ರೂ ಒಂದು ಪತ್ರ ತಪ್ಪಿ ಹೋಗುದಿಲ್ಲ. 1996ರ ಫೆಬ್ರವರಿಯಲ್ಲಿ ಇಂಟರ್ನೆಟ್ಟಿನ ನಿಯಮ ಬರಿಯುವವ್ರು ಆರ್‌ಎಫ್‌ಸಿ 1918 ಅಂತ ಒಂದು ಕಾಗದ ಹೊರಡ್ಸಿದ್ರು, ಅದ್ರಲ್ಲಿ ಮೂರು ಗುಂಪು ಅಡ್ರೆಸ್‌ಗಳನ್ನು ತೆಗ್ದು ಬದಿಗಿಟ್ರು, ಹತ್ತರಿಂದ ಶುರು ಆಗುದು ಒಂದು, 172.16ರಿಂದ 172.31ರ ತನಕ ಒಂದು, ಮತ್ತೆ ನಮ್ಮ 192.168. ಇವನ್ನು ಯಾರು ಬೇಕಾದ್ರೂ ಕೇಳದೆ ಬಳಸ್ಬಹುದು, ಆದ್ರೆ ಒಳಗೊಳಗೆ ಮಾತ್ರ, ಹೊರಗಿನ ಇಂಟರ್ನೆಟ್ಟಲ್ಲಿ ಇವು ನಡಿಯುದಿಲ್ಲ. 192.168 ಅನ್ನುವ ಗುಂಪು ಒಂದ್ರಲ್ಲೇ 65,536 ಅಡ್ರೆಸ್ ಉಂಟು, ನಮ್ಮ ಒಂದು ಬೆಡ್‌ರೂಮಿನ ಫ್ಲ್ಯಾಟಿಗೆ ಯಥೇಚ್ಛ ಆಯ್ತು. ಹೀಗೆ ಯಾಕೆ ಮಾಡ್ಬೇಕಾಯ್ತು ಅಂದ್ರೆ ಹಳೇ ಪದ್ಧತಿಯ ಅಡ್ರೆಸ್ಸು 32 ಬಿಟ್ಟಿಂದು, ಅಂದ್ರೆ 32 ಸೊನ್ನೆ-ಒಂದುಗಳದ್ದು, ಒಟ್ಟು ಲೆಕ್ಕ ಹಾಕಿದ್ರೆ ಸುಮಾರು 429 ಕೋಟಿ, ಭೂಮಿ ಮೇಲೆ ಈಗ ಜನವೇ ಅದಕ್ಕಿಂತ ಜಾಸ್ತಿ ಇದ್ದಾರೆ, ಒಬ್ಬೊಬ್ರ ಕಿಸೆಯಲ್ಲಿ ಎರಡೆರಡು ಫೋನು.

ಹಾಗಾದ್ರೆ ಉತ್ತರ ಹೇಗೆ ಸರಿಯಾದ ಮನೆಗೆ ಬರ್ತದೆ ಅಂತ ಹೇಳ್ಲಿಕ್ಕೆ ನಂಗೆ ಪುಸ್ತಕ ಬೇಡ, ಅಪ್ಪನ ಕಾಲದ ಹೋಟೆಲ್ ಸಾಕು. ಅಪ್ಪ ಸಣ್ಣ ಹುಡುಗ ಆಗಿದ್ದಾಗ ಫೋರ್ಟಿನ ಒಂದು ಉಡುಪಿ ಹೋಟೆಲಲ್ಲಿ ಕೆಲಸಕ್ಕಿದ್ರು, ಹಗಲು ಕಪ್ಪು ಬಸಿ ತೊಳಿಯುದು, ರಾತ್ರಿ ಕನ್ನಡ ರಾತ್ರಿ ಶಾಲೆಗೆ ಹೋಗುದು, ಮಲಗುದು ಹೋಟೆಲಿನ ಮಾಳಿಗೆಯಲ್ಲೇ. ಅಲ್ಲಿದ್ದ ಅಷ್ಟೂ ಹುಡುಗ್ರಿಗೆ ಮುಂಬೈಯಲ್ಲಿ ಸ್ವಂತ ಅಡ್ರೆಸ್ ಅಂತ ಎಂತದೂ ಇರ್ಲಿಲ್ಲ, ಊರಿಂದ ಬರುವ ಪತ್ರ ಎಲ್ಲ ಕೇರಾಫ್ ಹೋಟೆಲು. ಪೋಸ್ಟಿನವ ತಂದು ದುಡ್ಡು ತಗೊಳ್ಳುವ ಗಲ್ಲದ ಮೇಲೆ ಹಾಕಿ ಹೋಗ್ತಿದ್ದ, ಗಲ್ಲದಲ್ಲಿ ಕೂತ ಮೇನೇಜರ್ರು ಇದು ಅಡುಗೆ ಭಟ್ಟರಿಗೆ, ಇದು ಸಪ್ಲೈ ಮಾಡುವವನಿಗೆ, ಇದು ಆ ಮೂಲೆಯಲ್ಲಿ ಬಟಾಟೆ ಸುಲಿಯುವವನಿಗೆ ಅಂತ ಹಂಚ್ತಿದ್ರು. ಪೋಸ್ಟಿನವನಿಗೆ ಒಳಗೆ ಎಷ್ಟು ಜನ ಇದ್ದಾರೆ, ಯಾರು ಎಲ್ಲಿ ಮಲಗ್ತಾರೆ ಅಂತ ಗೊತ್ತಿರ್ಬೇಕಾದ್ದೇ ಇಲ್ಲ. ರೂಟರ್ ಮಾಡುದು ಪಕ್ಕಾ ಇದೇ ಕೆಲಸ. ನಿಮ್ಮ ಫೋನಿಂದ ಒಂದು ಪ್ರಶ್ನೆ ಹೊರಗೆ ಹೋಗುವಾಗ ಅದ್ರ ಮೇಲಿದ್ದ ಒಳಗಿನ ಅಡ್ರೆಸ್ ಅಳಿಸಿ ತನ್ನ ಅಡ್ರೆಸ್ ಬರಿತದೆ, ಜೊತೆಗೆ ಪೋರ್ಟ್ ಅಂತ ಒಂದು ನಂಬರ್ ಹಾಕ್ತದೆ, ಯಾವ ನಂಬರ್ ಯಾರದ್ದು ಅಂತ ತನ್ನ ಹತ್ರ ಒಂದು ಪಟ್ಟಿ ಇಟ್ಕೊಳ್ತದೆ, ಉತ್ತರ ಬಂದಾಗ ಪಟ್ಟಿ ನೋಡಿ ಹಂಚ್ತದೆ. ಪಟ್ಟಿಯಲ್ಲಿ ಇಲ್ಲದ್ದು ಬಂದ್ರೆ ಬಾಗಿಲಲ್ಲೇ ಬಿಡ್ತದೆ. ಇದಕ್ಕೆ ನ್ಯಾಟ್ ಅಂತಾರೆ, ಪೇಜಿನ ಯಾವ್ದೋ ಮೂಲೆಯಲ್ಲಿ ಒಂದು ಟಿಕ್ ಹಾಕಿರ್ತದೆ, ತೆಗಿಬೇಡಿ.

ಅದ್ರ ಮೇಲೆ ಇನ್ನೊಂದು ತಮಾಷೆ ಉಂಟು. ನಮ್ಮ ರೂಟರ್ ಹೊರಗೆ ತೋರ್ಸುವ ಅಡ್ರೆಸ್ಸೂ ಎಷ್ಟೋ ಸಲ ನಿಜವಾದ್ದಲ್ಲ. ಸ್ಟೇಟಸ್ ಪೇಜಲ್ಲಿ ಹೊರಗಿನ ಅಡ್ರೆಸ್ 100.64ರಿಂದ 100.127ರ ಒಳಗಿದ್ರೆ ನೆಟ್ ಕೊಡುವವನೂ ತನ್ನ ಕಡೆ ಅದೇ ಕೇರಾಫ್ ಕೆಲಸ ಮಾಡ್ತಿದ್ದಾನೆ ಅಂತ ಅರ್ಥ, 2012ರಲ್ಲಿ ಅದಕ್ಕೂ ಒಂದು ಗುಂಪು ತೆಗ್ದಿಟ್ಟಿದ್ದಾರೆ. ಹಾಗಾಗಿ ಹೊರಗಿನವ್ರ ಕಣ್ಣಿಗೆ ನಾನು, ಪಾಟೀಲ್ರು, ಆ ಬದಿಯ ಬಿಲ್ಡಿಂಗಿನ ಗುಜರಾತಿ ಮನೆಯವ್ರು ಎಲ್ಲ ಒಂದೇ ಬಾಗಿಲಿಂದ ಬಂದವ್ರು. ಐಪಿವಿ6 ಅನ್ನುವ ಹೊಸ ಪದ್ಧತಿಯಲ್ಲಿ ಅಡ್ರೆಸ್ಸು 128 ಬಿಟ್ಟಿಂದು, ಒಬ್ಬೊಬ್ರಿಗೂ ಮಾತ್ರ ಅಲ್ಲ ಮನೆಯ ಬಲ್ಬಿಗೂ ಸ್ವಂತ ಅಡ್ರೆಸ್ ಸಿಗ್ತದೆ, ಪೇಜಲ್ಲಿ ಅದಕ್ಕೂ ಒಂದು ಮೆನು ಉಂಟು, ನಾನು ಹೋದ ಮನೆಗಳಲ್ಲಿ ಅದನ್ನು ಯಾರೂ ಕ್ಲಿಕ್ ಮಾಡಿದ್ದು ನೋಡಿಲ್ಲ.

ಇನ್ನು ಒಳಗೆ ಹೋಗ್ಲಿಕ್ಕೆ ಯೂಸರ್ ನೇಮ್ ಅಡ್ಮಿನ್, ಪಾಸ್‌ವರ್ಡೂ ಅಡ್ಮಿನ್. ಈಗಿನ ಹೊಸ ಡಬ್ಬಿಗಳಲ್ಲಿ ಅಡಿಯ ಸ್ಟಿಕ್ಕರಲ್ಲಿ ಬೇರೆ ಬೇರೆ ಪಾಸ್‌ವರ್ಡ್ ಪ್ರಿಂಟ್ ಮಾಡಿರ್ತಾರೆ, ಅಥವಾ ಮೊದ್ಲ ಸಲ ಲಾಗಿನ್ ಆದ ಕೂಡ್ಲೇ ಬದಲಿಸಿ ಅಂತ ಹಟ ಹಿಡಿತದೆ, ಒಳ್ಳೇದೇ ಆಯ್ತು. ಹಳೇದ್ರಲ್ಲಿ ಅದಿಲ್ಲ. ಬದಲಿಸುವ ಅಂತ ಹೇಳಿದ್ರೆ ಉತ್ತರ ರೆಡಿ, "ನಮ್ಮ ಮನೇಲಿ ಎಂತ ಉಂಟು ಕದಿಲಿಕ್ಕೆ, ಎರಡು ಫೋನು ಒಂದು ಟಿವಿ". ಕದಿಲಿಕ್ಕೆ ಅಲ್ಲ, ಬಾಡಿಗೆ ಕೊಡದೆ ನಿಮ್ಮ ಡಬ್ಬಿಯನ್ನು ದುಡಿಸ್ಲಿಕ್ಕೆ ಬರುದು ಅಂತ ಆಗ ನಾನು ಮಿರಾಯ್ ಕಥೆ ತೆಗಿತೇನೆ. 2016ರಲ್ಲಿ ಅಮೆರಿಕದ ಮೂವರು ಕಾಲೇಜು ವಯಸ್ಸಿನ ಹುಡುಗ್ರು ಮಾಡಿದ ಪ್ರೋಗ್ರಾಂ ಅದು, ಹೆಚ್ಚೇನೂ ಬುದ್ಧಿವಂತಿಕೆ ಇಲ್ಲ ಅದ್ರಲ್ಲಿ, ಕಂಪನಿಯವ್ರು ಹಾಕಿ ಕಳ್ಸಿದ ಇಂಥದ್ದೇ ಅರವತ್ತರಷ್ಟು ಯೂಸರ್ ನೇಮ್ ಪಾಸ್‌ವರ್ಡುಗಳ ಪಟ್ಟಿ ಹಿಡ್ಕೊಂಡು ಸಿಕ್ಕ ಸಿಕ್ಕ ಕ್ಯಾಮೆರಾ, ರೂಟರ್‌ಗಳ ಬಾಗ್ಲು ತಟ್ತಾ ಹೋಗುದು, ತೆಗೆದದ್ದನ್ನು ತನ್ನ ಸೈನ್ಯಕ್ಕೆ ಸೇರ್ಸುದು. ಆ ಪ್ರೋಗ್ರಾಂ ಅಂತರ್ಜಾಲದಲ್ಲಿ ಬಯಲಾದ ಮೇಲೆ ಅದೇ ವರ್ಷ ಅಕ್ಟೋಬರ್ 21ಕ್ಕೆ ವೆಬ್‌ಸೈಟಿನ ಹೆಸ್ರು ಹೇಳಿದ್ರೆ ಅದ್ರ ಅಡ್ರೆಸ್ ಹುಡುಕಿ ಕೊಡುವ ಡೈನ್ ಅನ್ನುವ ಕಂಪನಿ ಮೇಲೆ ಅಂಥಾ ಸೈನ್ಯ ಬಿದ್ದು, ಟ್ವಿಟರ್, ನೆಟ್‌ಫ್ಲಿಕ್ಸ್ ತರದ್ದೆಲ್ಲ ಅಮೆರಿಕದ ಎಷ್ಟೋ ಕಡೆ ಗಂಟೆಗಟ್ಲೆ ಓಪನ್ ಆಗ್ಲಿಲ್ಲ. ಕಥೆ ಮುಗಿದ ಮೇಲೆ ಒಬ್ರು ಮಾಮಿ ಕೇಳಿದ್ರು, "ಹಾಗಾದ್ರೆ ನಮ್ಮದೂ ಹೋಗಿರ್ಬಹುದಾ ಅಮೆರಿಕಕ್ಕೆ?" ಅಂತ, ಅವ್ರ ದನಿಯಲ್ಲಿ ಹೆದ್ರಿಕೆಗಿಂತ ಅಭಿಮಾನವೇ ಜಾಸ್ತಿ ಇತ್ತು.

ಸರಿ, ಪಾಸ್‌ವರ್ಡ್ ಜೊತೆಗೆ ವೈಫೈಯದ್ದನ್ನೂ ಬದಲಿಸುವ ಅಂತ ಆದ್ಮೇಲೆ ಎಂತ ಹಾಕುದು ಅನ್ನುವಲ್ಲಿ ಎಲ್ರೂ ದೇವ್ರ ಹತ್ರ ಹೋಗ್ತಾರೆ. ಕಟೀಲು, ಕೊಲ್ಲೂರು, ಧರ್ಮಸ್ಥಳ, ಹಿಂದೆ ಒಂದು 123. ವೈಫೈ ಪಾಸ್‌ವರ್ಡಿಗೆ ಕಡಿಮೆ ಅಂದ್ರೆ 8, ಜಾಸ್ತಿ ಅಂದ್ರೆ 63 ಅಕ್ಷರ ಅಂತ ನಿಯಮ, 63 ಸಿಗುವಾಗ ಜನ ಎಂಟಕ್ಕೇ ನಿಲ್ತಾರೆ. ನನ್ನ ಸಲಹೆ ಕೇಳಿದ್ರೆ ಅಜ್ಜಿ ಬೈಗುಳದ ಒಂದು ಇಡೀ ವಾಕ್ಯ ಇಂಗ್ಲಿಷ್ ಅಕ್ಷರದಲ್ಲಿ ಹಾಕಿ, ತುಳುವಲ್ಲಾದ್ರೆ ಇನ್ನೂ ಒಳ್ಳೇದು, ಯಾವ ಪಟ್ಟಿಯಲ್ಲೂ ಇರ್ಲಿಕ್ಕಿಲ್ಲ, ಮರ್ತೂ ಹೋಗ್ಲಿಕ್ಕಿಲ್ಲ. ತೊಂದ್ರೆ ಎಂತಂದ್ರೆ ನೆಂಟ್ರು ಬಂದು ಪಾಸ್‌ವರ್ಡ್ ಕೇಳಿದಾಗ ಮುಖ ನೋಡಿ ಹೇಳ್ಬೇಕು.

ನೆಟ್‌ವರ್ಕಿನ ಹೆಸರಿನ ವಿಷಯ ಅದಕ್ಕಿಂತ ಮಜಾ. ಒಬ್ರಿಗೆ ತಮ್ಮ ವೈಫೈ ಹೆಸ್ರು ಕನ್ನಡದಲ್ಲೇ ಬೇಕು ಅಂತ, ಇಲ್ಲಿ ಸುತ್ತ ಮುತ್ತ ಎಲ್ಲ ಮರಾಠಿ ಗುಜರಾತಿ, ನಮ್ಮದೂ ಒಂದು ಇರ್ಲಿ ಅಂತ, ಮಾಟುಂಗದ ಕರ್ನಾಟಕ ಸಂಘಕ್ಕೆ ಬಿಡದೆ ಹೋಗುವ ಜನ ಅವ್ರು. ಕುಲದೇವ್ರ ಹೆಸ್ರು ಸುಬ್ರಹ್ಮಣ್ಯ ಅಂತ ಕನ್ನಡ ಲಿಪಿಯಲ್ಲಿ ಟೈಪ್ ಮಾಡಿ ಸೇವ್ ಒತ್ತಿದ್ರು, ತಗೊಳ್ಳುದಿಲ್ಲ. ಮೊದ್ಲೇ ಕೆಲವು ರೂಟರ್‌ಗಳು ಇಂಗ್ಲಿಷ್ ಬಿಟ್ಟು ಬೇರೆ ಅಕ್ಷರ ಮುಟ್ಟುದೇ ಇಲ್ಲ, ಇವ್ರದ್ದು ಮುಟ್ತಿತ್ತು, ಆದ್ರೂ ಇಲ್ಲ. ಲೆಕ್ಕದವನಲ್ವಾ ನಾನು, ಕೂತು ಲೆಕ್ಕ ಹಾಕಿದೆ. ನೆಟ್‌ವರ್ಕ್ ಹೆಸರಿಗೆ ಇರುವ ಜಾಗ 32 ಬೈಟು. ಇಂಗ್ಲಿಷಿನ ಒಂದಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ್ದಕ್ಕೆ ಮೂರು ಬೇಕು, ಅದೂ ಅಕ್ಷರಕ್ಕೆ ಮಾತ್ರ ಅಲ್ಲ, ಉಕಾರಕ್ಕೂ ಮೂರು, ಒತ್ತು ಕೊಡ್ಲಿಕ್ಕೆ ಮಧ್ಯ ಅಡಗಿ ಕೂತ ಹಲಂತಕ್ಕೂ ಮೂರು. ಸುಬ್ರಹ್ಮಣ್ಯ ಅಂದ್ರೆ ನಮ್ಮ ಕಣ್ಣಿಗೆ ನಾಲ್ಕಕ್ಷರ, ಕಂಪ್ಯೂಟರಿಗೆ ಹನ್ನೊಂದು ತುಂಡು, ಮೂರರಿಂದ ಗುಣಿಸಿದ್ರೆ 33. ಒಂದೇ ಒಂದು ಬೈಟಿಗೆ ದೇವ್ರು ಹೊರಗುಳಿದ್ರು. ಶ್ರೀಕೃಷ್ಣ ಆದ್ರೆ 27, ಆರಾಮಲ್ಲಿ ಕೂತ್ಕೊಳ್ತಾನೆ ಅಂತ ಹೇಳಿದೆ, "ಉಡುಪಿಯವ್ರಿಗೆ ಎಲ್ಲ ಕಡೆ ಜಾಗ ಇರ್ತದೆ ಬಿಡಿ" ಅಂದ್ರು, ಪುತ್ತೂರು ಕಡೆಯವ್ರು ಅವ್ರು. ಕೊನೆಗೆ ಕುಕ್ಕೆ ಅಂತ ಹಾಕಿದ್ದು. ಈಗ ಲಿಫ್ಟಲ್ಲಿ ನಿಂತು ಫೋನ್ ತೆಗ್ದ್ರೆ ಜೈ ಮಹಾರಾಷ್ಟ್ರ, ಗಣಪತಿ ಬಪ್ಪಾ, ಇಂಗ್ಲಿಷಲ್ಲಿ ಯಾರೋ ಬರ್ದ ತರ್ಲೆ ಹೆಸ್ರುಗಳ ನಡುವೆ ಕುಕ್ಕೆ ಅಂತ ಕಾಣ್ತದೆ, ಖುಷಿ ಆಗ್ತದೆ.

ಆದ್ರೆ ಈ ಪೇಜಲ್ಲಿ ಮನೆಯವರೆಲ್ಲ ಬಂದು ಬಗ್ಗಿ ನೋಡುವ ಜಾಗ ಅಂದ್ರೆ ಯಾರ್ಯಾರು ಕನೆಕ್ಟ್ ಆಗಿದ್ದಾರೆ ಅನ್ನುವ ಪಟ್ಟಿ. ಅಲ್ಲಿ ತನಕ ಇದು ಗಂಡಸ್ರ ಕೆಲಸ, ಮಕ್ಕಳ ಕೆಲಸ ಅಂತ ಒಳಗಿದ್ದವ್ರೂ ಸೌಟು ಹಿಡ್ಕೊಂಡೇ ಹೊರಗೆ ಬರ್ತಾರೆ. ಪಟ್ಟಿಯಲ್ಲಿ ಗೊತ್ತಿಲ್ಲದ ಒಂದು ಹೆಸ್ರು ಕಂಡ್ರೆ ಆಯ್ತು, "ನಾನು ಹೇಳಿದ್ದಲ್ವಾ, ಮೇಲಿನ ಮನೆಯ ಹುಡುಗ ಮೆಟ್ಲಲ್ಲೇ ಕೂತಿರ್ತಾನೆ ಅಂತ". ನಾನು ಆ ಹುಡುಗನ ಪರ ವಕೀಲಿ ಮಾಡ್ಬೇಕು. ಒಂದೊಂದು ಉಪಕರಣಕ್ಕೂ ಮ್ಯಾಕ್ ಅಂತ 48 ಬಿಟ್ಟಿನ ಒಂದು ನಂಬರ್ ಇರ್ತದೆ, ಅದ್ರ ಮೊದ್ಲ ಅರ್ಧ ನೋಡಿದ್ರೆ ಮಾಡಿದ ಕಂಪನಿ ಯಾವ್ದು ಅಂತ ಗೊತ್ತಾಗ್ತದೆ, ಹಾಗೆ ನೋಡಿದ್ರೆ ಕಳ್ಳ ಅಂದದ್ದು ನೆಟ್ಟಿಂದ ಸಿನಿಮಾ ತೋರ್ಸುವ, ಟಿವಿಗೆ ಸಿಕ್ಕಿಸಿದ ಕಡ್ಡಿ ಆಗಿರ್ತದೆ, ಇಲ್ಲಾ ಕೊರೊನಾ ಟೈಮಲ್ಲಿ ತಗೊಂಡು ಮರ್ತ ಟ್ಯಾಬು ಕಪಾಟಿನೊಳಗೆ ಇನ್ನೂ ಚಾರ್ಜಲ್ಲಿ ಇರ್ತದೆ. ಫೋನುಗಳ ವಿಷಯದಲ್ಲಿ ಮಾತ್ರ ಈ ಪತ್ತೇದಾರಿ ಈಗ ನಡಿಯುದಿಲ್ಲ, ಆಂಡ್ರಾಯ್ಡ್ 10 ಬಂದಲ್ಲಿಂದ ಮತ್ತೆ ಐಫೋನಲ್ಲಿ ಐಓಎಸ್ 14 ಬಂದಲ್ಲಿಂದ ಅವು ಮಾಲ್, ಏರ್‌ಪೋರ್ಟಿನವ್ರು ಹಿಂದೆ ಬೀಳ್ಬಾರ್ದು ಅಂತ ಒಂದೊಂದು ವೈಫೈಗೆ ಒಂದೊಂದು ಸುಳ್ಳು ಮ್ಯಾಕ್ ನಂಬರ್ ಹೇಳ್ತವೆ. ಅಂದ್ರೆ ಸ್ವಂತ ಮನೆಯ ಪಟ್ಟಿಯಲ್ಲೇ ಸ್ವಂತ ಮಗಳು ಅಪರಿಚಿತೆ.

ಆ ಪಟ್ಟಿಯ ಪಕ್ಕ ಕೆಲವು ರೂಟರಲ್ಲಿ ಎಷ್ಟೊತ್ತಿಂದ ಕನೆಕ್ಟ್ ಆಗಿದ್ದಾರೆ ಅಂತಲೂ ಇರ್ತದೆ. ನಾನದನ್ನು ಬೇಗ ಸ್ಕ್ರೋಲ್ ಮಾಡ್ತೇನೆ. ಒಬ್ಬ ಅಪ್ಪ ಮೆಲ್ಲಗೆ ಬಾಲ್ಕನಿಗೆ ಕರ್ಕೊಂಡು ಹೋಗಿ "ಮಗ ರಾತ್ರಿ ಎಷ್ಟು ಗಂಟೆ ತನಕ ನೋಡ್ತಾನೆ, ಎಂತ ನೋಡ್ತಾನೆ ಅಂತ ಸಿಗ್ತದಾ ಅದ್ರಲ್ಲಿ" ಅಂತ ಕೇಳಿದ್ರು, ಐದು ನಿಮಿಷ ಬಿಟ್ಟು ಅದೇ ಮಗ ಅಡುಗೆ ಮನೆ ಹತ್ರ ಹಿಡ್ದು "ಅಂಕಲ್, ಅಪ್ಪನಿಗೆ ಅಡ್ಮಿನ್ ಪಾಸ್‌ವರ್ಡ್ ಕೊಡ್ಬೇಡಿ" ಅಂದ. ಹೋಟೆಲಿನ ಮೇನೇಜರ್ರು ಪತ್ರ ಹಂಚ್ತಿದ್ರೇ ಹೊರತು ಒಡ್ದು ಓದ್ತಿರ್ಲಿಲ್ಲ, ನಂಗದೇ ಸರಿ ಅನ್ಸುದು. ರಾತ್ರಿ ಇಂತಿಷ್ಟು ಗಂಟೆಗೆ ಬಂದ್ ಆಗುವ ಹಾಗೆ ಮಾಡುವ ಮೆನು ಉಂಟು, ಅದನ್ನು ಇಬ್ರನ್ನೂ ಕೂರ್ಸಿಯೇ ಹಾಕಿದೆ, ಅಪ್ಪನ ಫೋನಿಗೂ ಅನ್ವಯ ಆಗ್ತದೆ ಅಂತ ಗೊತ್ತಾದಾಗ ಟೈಮು ತನ್ನಿಂದ ತಾನೇ ಹತ್ತರಿಂದ ಹನ್ನೊಂದೂವರೆಗೆ ಹೋಯ್ತು.

ಸಿಗ್ನಲ್ ಬಗ್ಗೆ ಎಷ್ಟು ಹೇಳಿದ್ರೂ ಪ್ರಯೋಜನ ಇಲ್ಲ. ವರ್ಸೋವಾದಲ್ಲಿ ಕೋಳಿ ಸಮಾಜದ ಮೀನುಗಾರ್ರು ಬೊಂಬಿಲ್ ಮೀನು ಒಣಗಿಸ್ತಾರಲ್ಲ, ಅದೇ ಕಡಲ ದಡದ ಅಡಿಯಿಂದ ಹೊರದೇಶದ ಇಂಟರ್ನೆಟ್ ಕೇಬಲ್‌ಗಳು ಮುಂಬೈಗೆ ಹತ್ತಿ ಬರ್ತವೆ. ಸೀ-ಮೀ-ವೀ 4 ಅನ್ನುವ ಒಂದು ಕೇಬಲ್ಲು ಫ್ರಾನ್ಸಿಂದ ಸಿಂಗಾಪುರಕ್ಕೆ ಸುಮಾರು 18,800 ಕಿಲೋಮೀಟರ್ ಹೋಗುವಾಗ ಮುಂಬೈಯಲ್ಲಿ ಹತ್ತಿ ಹೋಗ್ತದೆ. ಅಷ್ಟು ದೂರ ಸಮುದ್ರದಡಿ ಬಂದದ್ದು ನಮ್ಮಲ್ಲಿ ಹಾಲಿಂದ ಬೆಡ್‌ರೂಮಿಗೆ ಹೋಗುದಿಲ್ಲ, ಯಾಕಂದ್ರೆ ಮಧ್ಯ ಸ್ಟೀಲ್ ಕಪಾಟು, ಅದ್ರ ಮೇಲೆ ಊರಿಂದ ತಂದ ಹಿತ್ತಾಳೆ ಕಡಾಯಿ. ವೈಫೈಯ ಎರಡು ಅಲೆಗಳಲ್ಲಿ 5 ಗಿಗಾಹರ್ಟ್ಸಿಂದು ಜೋರು ಓಡ್ತದೆ ಆದ್ರೆ ಗೋಡೆ ಕಂಡ್ರೆ ಸುಸ್ತು, 2.4 ಗೋಡೆ ದಾಟ್ತದೆ ಆದ್ರೆ ಅಲ್ಲಿ ಇಡೀ ಬಿಲ್ಡಿಂಗು ತುಂಬಿದೆ, ಒಂದಕ್ಕೊಂದು ತಾಗದ ಚಾನೆಲ್ ಅಂತ ಇರುದೇ 1, 6, 11. ಸಾಲದ್ದಕ್ಕೆ ಮೈಕ್ರೋವೇವ್ ಓವನ್ನೂ ಅಲ್ಲೇ ಗಲಾಟೆ ಮಾಡುದು. ಡಬ್ಬಿಯನ್ನು ಟಿವಿ ಹಿಂದಿಂದ ತೆಗ್ದು ಎತ್ತರದಲ್ಲಿ ಮನೆ ಮಧ್ಯ ಇಡಿ ಅಂತ ಹೇಳಿದ್ರೆ ವಯರ್ ಕಾಣ್ತದೆ, ಶೋ ಹೋಗ್ತದೆ ಅಂತಾರೆ. ಹಾಗಾದ್ರೆ ಬೆಡ್‌ರೂಮಲ್ಲಿ ಮಲಗಿ ನಿದ್ದೆ ಮಾಡಿ, ಅದಕ್ಕೆ ವೈಫೈ ಬೇಡ.

ನಾನು ಹೆದರುದು ಅಂತಿದ್ರೆ ಡಬ್ಬಿಯ ಬೆನ್ನಲ್ಲಿರುವ ಸಣ್ಣ ತೂತಿಗೆ. ಲಾಗಿನ್ ಮರ್ತು ಹೋದಾಗ ಅದ್ರಲ್ಲಿ ಪಿನ್ನು ಹಾಕಿ ಹತ್ತು ಸೆಕೆಂಡ್ ಒತ್ತಿದ್ರೆ ಎಲ್ಲ ಅಳಿಸಿ ಕಂಪನಿಯಿಂದ ಬಂದ ಹಾಗೆ ಆಗ್ತದೆ, ಅಂತ ಯಾವ್ದೋ ವಿಡಿಯೋ ನೋಡಿ ಈಗ ಎಲ್ರಿಗೂ ಗೊತ್ತು. ಎಲ್ಲ ಅಳಿಸ್ತದೆ ಅಂದ್ರೆ ನೆಟ್ ಕೊಡುವವನ ಯೂಸರ್ ನೇಮ್ ಪಾಸ್‌ವರ್ಡೂ ಅಳಿಸ್ತದೆ ಅಂತ ಆ ವಿಡಿಯೋದಲ್ಲಿ ಹೇಳಿರುದಿಲ್ಲ. ಪಿಪಿಪಿಓಇ ಅಂತ ಒಂದು ಪೇಜಲ್ಲಿ ಅದನ್ನು ಹಾಕಿರ್ತಾರೆ, ಅದು ಕೇಬಲ್‌ವಾಲಾ ಹುಡುಗನ ಫೋನಲ್ಲಿ ಮಾತ್ರ ಇರ್ತದೆ, ಅವ ಗಣೇಶೋತ್ಸವದ ಹತ್ತು ದಿನ ಮಂಡಲದ ಕೆಲಸದಲ್ಲಿರ್ತಾನೆ. ಕಿವಿಯ ಬೆಂಡೋಲೆ ತೆಗ್ದು ಅದ್ರ ಕಡ್ಡಿಯಲ್ಲಿ ಒತ್ತಿದವ್ರೂ ಇದ್ದಾರೆ. ಹಾಗಾಗಿ ಲಾಗಿನ್ ನೆನಪಿರುವಾಗ್ಲೇ ರೂಟರಿನ ಪೇಜಲ್ಲಿ ಬ್ಯಾಕಪ್ ಅಂತ ಇರುವ ಬಟನ್ ಒತ್ತಿ ಒಂದು ಫೈಲ್ ಇಳಿಸಿಡಿ, ಇಷ್ಟು ಉದ್ದ ಬರ್ದದ್ರಲ್ಲಿ ಬೇರೆ ಎಲ್ಲ ಮರ್ತ್ರೂ ಅಡ್ಡಿಲ್ಲ.

ಎಲ್ಲ ಮುಗಿಸಿ ಹೊಸ ಪಾಸ್‌ವರ್ಡ್ ಎಲ್ಲಿ ಬರ್ದಿಡ್ತೀರಿ ಅಂತ ಕೇಳಿದ್ರೆ ಹೆಚ್ಚಿನವ್ರ ಕೈ ಹೋಗುದು ಗೋಡೆಯ ಕಾಲನಿರ್ಣಯ ಕ್ಯಾಲೆಂಡರಿಗೆ. ಕನ್ನಡದ್ದೇ ತರ್ಸುದು ನಮ್ಮವ್ರು, ಸಂಕಷ್ಟಿ ಏಕಾದಶಿ ನೋಡ್ಲಿಕ್ಕೆ ಹೇಗೂ ದಿನಾ ಅದ್ರ ಮುಂದೆ ನಿಲ್ಬೇಕಲ್ಲ. ಯಾರ ಕಣ್ಣಿಗೂ ಬೀಳ್ಬಾರ್ದು ಅಂತ ಜಾಣತನದಲ್ಲಿ ಕೊನೇ ಹಾಳೆಗೆ ಹೋಗ್ತಾರೆ, ಡಿಸೆಂಬರಿನ ಹಿಂದಿನ ಬದಿಯಲ್ಲಿ, ಲೇಖನದ ಅಂಚಲ್ಲಿ, ಪೆನ್ಸಿಲಲ್ಲಿ. ಜನವರಿ ಮೊದಲ್ನೇ ವಾರ ನಂಗೆ ಫೋನುಗಳು ಶುರು ಆಗ್ತವೆ. "ಇಲ್ಲೇ ಬರ್ದಿಟ್ಟಿದ್ದೆ, ಈಗ ಕಾಣುದಿಲ್ಲ." ಹೊಸ ಕ್ಯಾಲೆಂಡರ್ ಹಾಕಿದ್ರಾ ಅಂತ ಕೇಳ್ತೇನೆ, ಹಾಕಿದ್ದಾರೆ. ಹಳೇದು? ರದ್ದಿಯವ ಬಂದಿದ್ದ. ಸರಿ, ಆ ತೂತಿಗೆ ಮಾತ್ರ ಕೈ ಹಾಕ್ಬೇಡಿ, ಆದಿತ್ಯವಾರ ಬರ್ತೇನೆ ಅಂತ ಹೇಳಿದ್ರೆ ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ, ಆಮೇಲೆ ಒಳಗೆ ಯಾರಿಗೋ ಜೋರು ಹೇಳುದು ಕೇಳ್ತದೆ, "ಏ, ಒತ್ಬೇಡ, ಬಿಡು, ಬಿಡು!"